ನನ್ನ ಕಲ್ಲು ಕಡಲೆ, ಅವರದು ಬರೀ ರವೆ

ನಮ್ಮ ಮನೆಯಲ್ಲಿ ಯಾವ ನೋವು ಬಂದರೂ ಅದಕ್ಕೆ ಹೆಸರು ಒಂದೇ, ಗ್ಯಾಸು. ಎದೆಯಲ್ಲಿ ಹಿಡಿದರೆ ಗ್ಯಾಸು, ಬೆನ್ನಲ್ಲಿ ಹಿಡಿದರೆ ಗ್ಯಾಸು, ಮೊಣಕಾಲು ನೊಂದರೆ ಅದು ದಾರಿ ತಪ್ಪಿ ಕೆಳಗಿಳಿದ ಗ್ಯಾಸು. ಈ ಶಾಸ್ತ್ರವನ್ನು ರಚಿಸಿದವರು ನನ್ನ ಯಜಮಾನರು. ದುರ್ಗದಬೈಲಿನ ಹತ್ತಿರ ಅವರದು ತಂದೆಯ ಕಾಲದ ಕಾಳುಕಡಿ ಅಂಗಡಿ. ಅಂಗೈಯಲ್ಲಿ ನಾಲ್ಕು ಕಾಳು ಉರುಳಿಸಿ, ಅದು ಯಾವ ಕಡೆಯ ಮಾಲು, ಎಷ್ಟು ಹಳೆಯದು, ಒಳಗೆ ಹುಳ ಇದೆಯೋ ಇಲ್ಲವೋ ಎಂದು ಹೇಳಬಲ್ಲವರು. ಆ ವಿದ್ಯೆ ಮನುಷ್ಯರ ಹೊಟ್ಟೆಗೂ ನಡೆಯುತ್ತದೆ ಎಂಬ ವಿಶ್ವಾಸ ಅವರಿಗೆ ಯಾವಾಗ ಹುಟ್ಟಿತೋ ನನಗೆ ಗೊತ್ತಿಲ್ಲ. ನಾನು ಧಾರವಾಡದ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಬೈರಿದೇವರಕೊಪ್ಪದಲ್ಲಿ, ಎರಡೂ ಊರುಗಳ ನಡುವೆ. ಬೆಳಿಗ್ಗೆ ಅವರು ಹುಬ್ಬಳ್ಳಿ ಕಡೆ ಹೊರಟರೆ ನಾನು ಧಾರವಾಡದ ಕಡೆ. ಅವರಿಗೆ ಮೂಗಿನ ತುದಿಯಲ್ಲೇ ಸಿಟ್ಟು, ಹಾಗಾಗಿ ನಮ್ಮ ಸುಖ ಸಂಸಾರಕ್ಕೆ ಈ ವ್ಯವಸ್ಥೆಯ ಕೊಡುಗೆ ದೊಡ್ಡದು.

ಮೇಲಿನ ಮನೆಯಲ್ಲಿ ನನ್ನ ನೆಗೆಣ್ಣಿ ಇದ್ದಾರೆ, ಯಜಮಾನರ ಅಣ್ಣನ ಹೆಂಡತಿ. ನಾನು ಅವರನ್ನು ಅಕ್ಕಾ ಎನ್ನುತ್ತೇನೆ. ಭಾವನವರು ತೀರಿಕೊಂಡ ಮೇಲೆ ಅವರು ಓಣಿಯ ಸಮಸ್ತರ ಆರೋಗ್ಯವನ್ನು ಯಾರೂ ಕೇಳದೆ ವಹಿಸಿಕೊಂಡಿದ್ದಾರೆ. ಯಾರಾದರೂ ಸೀನಿದರೆ ಇವರು ಕಷಾಯದೊಂದಿಗೆ ಮೆಟ್ಟಿಲಿಳಿಯುತ್ತಾರೆ.

ಯಜಮಾನರಿಗೆ ಒಂದು ನೋವು ಆಗಾಗ ಬರುತ್ತಿತ್ತು. ಸಂಜೆ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಗಿರಮಿಟ್ಟು, ಮಿರ್ಚಿ ಭಜಿ ಹೊಡೆದು ಮನೆಗೆ ಬಂದ ದಿನ, ಬಲಗಡೆಯ ಪಕ್ಕೆಲುಬಿನ ಕೆಳಗೆ ಕೈ ಒತ್ತಿಕೊಂಡು ಪಡಸಾಲೆಯ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಹಣೆಯ ಮೇಲೆ ಬೆವರು. ಕೇಳಿದರೆ, "ಗ್ಯಾಸ್ ಐತಿ, ಸೋಡಾ ತಾ" ಎನ್ನುತ್ತಿದ್ದರು. ನೋವು ಬಲಭುಜಕ್ಕೆ ಏರಿದರೆ ಕಾರಣ ಬದಲಾಗುತ್ತಿತ್ತು. "ಚೀಲ ಎತ್ತಿದ್ನಲ್ಲಾ, ಅದಕ್ಕ." ಇವರು ಚೀಲ ಎತ್ತಿದ್ದನ್ನು ಮದುವೆಯಾದಾಗಿನಿಂದ ನಾನಂತೂ ಕಂಡಿಲ್ಲ. ಚೀಲದ ಮೇಲೆ ಕೂತಿದ್ದನ್ನು ಕಂಡಿದ್ದೇನೆ.

ಇಂಥವರು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ರೋಗದ ಭಯದಿಂದ ಅಲ್ಲವೇ ಅಲ್ಲ. ಹುಬ್ಬಳ್ಳಿಯ ಒಂದು ತಪಾಸಣಾ ಕೇಂದ್ರದವರು ಗಂಡ ಹೆಂಡತಿ ಜೊತೆಯಾಗಿ ಬಂದರೆ ರಿಯಾಯಿತಿ ಎಂದು ಬೋರ್ಡು ಹಾಕಿದ್ದರು. ವ್ಯಾಪಾರಿಯ ರಕ್ತಕ್ಕೆ ಆ ಒಂದು ಶಬ್ದ ಸಾಕು. ನನ್ನ ರಕ್ತ, ಅವರ ರಕ್ತ, ಹೃದಯದ ಇಸಿಜಿ ಗೆರೆ, ಹೊಟ್ಟೆಯ ಸ್ಕ್ಯಾನಿಂಗು, ಎಲ್ಲವೂ ಒಂದೇ ಬೆಳಿಗ್ಗೆ. ಹಿಂದಿನ ರಾತ್ರಿಯಿಂದ ಏನೂ ತಿನ್ನಬಾರದು, ಚಹಾ ಕೂಡ ಕುಡಿಯಬಾರದು ಎಂದು ಎರಡೆರಡು ಸಲ ಹೇಳಿದ್ದರು.

ಸ್ಕ್ಯಾನಿಂಗ್ ಕೋಣೆಯಲ್ಲಿ ಮೊದಲು ನಾನು ಮಲಗಿದೆ. ಡಾಕ್ಟರು ಯುವಕ, ಮಾತು ಕಡಿಮೆ. ತಣ್ಣನೆಯ ಜೆಲ್ಲು ಹಚ್ಚಿ, ಉಸಿರು ಹಿಡಿಯಿರಿ, ಬಿಡಿ, ಎಡಕ್ಕೆ ಹೊರಳಿರಿ ಎಂದು ಹೇಳುತ್ತ ಒಂದೇ ಜಾಗದಲ್ಲಿ ತುಂಬ ಹೊತ್ತು ತಿರುಗಿಸಿದರು. ನಾನು ಅಷ್ಟರಲ್ಲಿ ನನ್ನ ತಿಥಿಯ ಅಡುಗೆಯವರೆಗೂ ಯೋಚಿಸಿ ಮುಗಿಸಿದ್ದೆ. ಆಮೇಲೆ ಯಜಮಾನರ ಸರದಿ. ಪರದೆಯ ಆಚೆಯಿಂದ ಡಾಕ್ಟರ ದನಿ ಕೇಳಿಸಿತು.

"ಏನರೆ ತಿಂದ್ ಬಂದೀರೇನ್ರಿ?"

"ಇಲ್ರಿ. ನಿನ್ನಿ ರಾತ್ರಿಯಿಂದ ಉಪಾಸ."

"ಪಿತ್ತಕೋಶ ಪೂರ್ತಿ ಕುಗ್ಗೇದ. ಹೊಟ್ಟಿಗೆ ಏನರ ಬಿದ್ದಾಗ ಅದು ಪಿತ್ತ ಹೊರಗ ಹಾಕಿ ಕುಗ್ಗತದ. ಖಾಲಿ ಚೀಲದಾಗ ಏನೂ ಕಾಣಂಗಿಲ್ಲ."

ಇವರ ದನಿ ಸಣ್ಣದಾಗಿ ಬಂತು. "ಅರ್ಧಾ ಕಪ್ ಚಾ ಕುಡದೇನ್ರಿ. ಚಾ ಅಂದ್ರ ನೀರ ಅಲ್ಲೇನ್ರಿ?"

ಕೆನೆಹಾಲಿನ ಚಹಾ, ಅದರ ಜೊತೆ ಎರಡು ಖಾರಿ ಬಿಸ್ಕೀಟು ಎಂಬುದು ನಂತರ ಹೊರಬಿತ್ತು. ಮರುದಿನ ಮತ್ತೆ ಉಪವಾಸ ಬಂದು ಮಾಡಿಸಿಕೊಳ್ಳಬೇಕಾಯಿತು. ಆ ದಿನ ನಾನು ರಜೆ ಹಾಕಿ, ಸ್ಕ್ಯಾನಿಂಗ್ ಮುಗಿಯುವವರೆಗೆ ಅವರ ಬೆನ್ನ ಹಿಂದೆಯೇ ನಿಂತಿದ್ದೆ, ಪರೀಕ್ಷಾ ಕೊಠಡಿಯಲ್ಲಿ ನಿಲ್ಲುವ ಹಾಗೆ.

ರಿಪೋರ್ಟುಗಳು ಬಂದವು. ಯಜಮಾನರು ಕನ್ನಡಕ ಏರಿಸಿಕೊಂಡು, ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹರಡಿ, ಮಾಲಿನ ನಮೂನೆ ನೋಡುವ ಗಾಂಭೀರ್ಯದಲ್ಲಿ ಓದತೊಡಗಿದರು. ನನ್ನದರಲ್ಲಿ ಪಿತ್ತಕೋಶದೊಳಗೆ ಒಂದೇ ಕಲ್ಲು, ಹದಿನಾರು ಮಿಲಿಮೀಟರು. ಪಿತ್ತಕೋಶದ ಗೋಡೆ ಸರಿ, ಪಿತ್ತನಾಳ ಸರಿ, ಸುತ್ತ ನೀರಿಲ್ಲ. ಅವರದರಲ್ಲಿ ಒಂದು ದೊಡ್ಡ ಕಲ್ಲೂ ಇಲ್ಲ. ಹಲವಾರು ಸಣ್ಣ ಸಣ್ಣ ಕಲ್ಲುಗಳು, ತಳದಲ್ಲಿ ಕೆಸರಿನಂಥ ಗಷ್ಟು, ಗೋಡೆ ಸ್ವಲ್ಪ ದಪ್ಪ. ಪಿತ್ತನಾಳ ಸದ್ಯಕ್ಕೆ ಸರಿ. ಇಬ್ಬರ ರಿಪೋರ್ಟಿನ ಕೊನೆಗೂ ಒಂದೇ ಸಾಲು. ಇದನ್ನು ರೋಗಿಯ ಲಕ್ಷಣಗಳ ಜೊತೆ ತಾಳೆ ಹಾಕಿ ನೋಡತಕ್ಕದ್ದು ಎಂದು ಅದರ ಅರ್ಥ. ಆ ಸಾಲನ್ನು ಯಜಮಾನರು ಕಾಗದದ ಕೊನೆಯ ಶುಭಾಶಯಗಳ ಲೆಕ್ಕಕ್ಕೆ ಸೇರಿಸಿ ಬಿಟ್ಟುಬಿಟ್ಟರು.

"ನಿಂದು ಕಾಬೂಲಿ ಕಡ್ಲಿ ಆತಲ್ಲಲೇ" ಎಂದರು. ದನಿಯಲ್ಲಿ ಖರೇ ಕಳವಳವಿತ್ತು. "ನಂದು ಬರೇ ರವಾ. ಚಿರೋಟಿ ರವಾ."

"ಗೋಡಿ ದಪ್ಪ ಅಂತ ಬರದಾರಲ್ರಿ ನಿಮ್ದು?"

"ಗೋಡಿ ದಪ್ಪ ಇದ್ರ ಛಲೋ ಅಲ್ಲೇನು? ಹಳೇ ಕಾಲದ ಕಟ್ಟಡ, ಗಟ್ಟಿ ಇರತೈತಿ."

ಹೀಗೆ ಆ ಸಂಜೆಯಿಂದ ನಾನು ಅಧಿಕೃತವಾಗಿ ರೋಗಿ ಆದೆ. ನನಗೆ ಜೀವನದಲ್ಲಿ ಒಂದು ದಿನವೂ ಹೊಟ್ಟೆ ನೋವು ಬಂದಿರಲಿಲ್ಲ ಎಂಬ ವಿಷಯವನ್ನು ಯಾರೂ ಪರಿಗಣನೆಗೆ ತೆಗೆದುಕೊಳ್ಳಲಿಲ್ಲ. ಅಕ್ಕ ಬಾಳೆದಿಂಡಿನ ರಸದ ತಂಬಿಗೆ ಹಿಡಿದು ಬಂದರು. ಮರುದಿನ ಬಾರ್ಲಿ ನೀರು, ಅದರ ಮರುದಿನ ಹುರುಳಿ ಕಟ್ಟು. ಸಂಬಂಧಿಕರೊಬ್ಬರು ಫೋನಿಗೆ ಒಂದು ವಿಡಿಯೋ ಕಳಿಸಿದರು. ಅದರಲ್ಲಿ ಒಬ್ಬ ಮಹಾಶಯ ಆಲಿವ್ ಎಣ್ಣೆಗೆ ಲಿಂಬೆರಸ ಬೆರೆಸಿ ಗಟಗಟ ಕುಡಿದು, ಮರುದಿನ ಬೆಳಿಗ್ಗೆ ತನ್ನಿಂದ ಹೊರಬಿದ್ದ ಹಸಿರು ಉಂಡೆಗಳನ್ನು ತಟ್ಟೆಯಲ್ಲಿಟ್ಟು ತೋರಿಸುತ್ತಿದ್ದ. ಅದನ್ನು ನಾವು ಊಟ ಮಾಡುತ್ತ ನೋಡಿದೆವು. ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ನನ್ನನ್ನು ತಬ್ಬಿಕೊಂಡು, ಧೈರ್ಯ ಇರಲಿ ಎಂದರು. ಧೈರ್ಯ ಅಲ್ಲಿಯವರೆಗೆ ಇತ್ತು, ಅವರು ತಬ್ಬಿಕೊಂಡ ಮೇಲೆ ಹೋಯಿತು.

ಕೊನೆಗೆ ನಮ್ಮ ಹಳೆಯ ಡಾಕ್ಟರ ಬಳಿ ಹೋದೆವು. ಧಾರವಾಡದಲ್ಲಿ ಅವರ ದವಾಖಾನೆ, ನನ್ನ ತವರು ಮನೆಯ ಕಾಲದಿಂದ ಗೊತ್ತು. ಯಜಮಾನರು ನನ್ನನ್ನು ಕರೆದುಕೊಂಡು ಹೋಗುವ ಕರ್ತವ್ಯನಿಷ್ಠ ಗಂಡನಾಗಿ ಬಂದಿದ್ದರು. ತಮ್ಮ ರಿಪೋರ್ಟನ್ನು ಮನೆಯಲ್ಲೇ ಬಿಟ್ಟಿದ್ದರು. ರವೆಗೆಲ್ಲ ಡಾಕ್ಟರ ಸಮಯ ಹಾಳುಮಾಡುವುದು ಅವರ ಸ್ವಭಾವಕ್ಕೆ ಒಗ್ಗುವುದಿಲ್ಲ.

ಡಾಕ್ಟರು ನನ್ನ ರಿಪೋರ್ಟು ಓದಿ ಪಕ್ಕಕ್ಕಿಟ್ಟು, ನನ್ನ ಮುಖ ನೋಡಿದರು.

"ಎಂದರ ಇಲ್ಲೆ ನೋವು ಬಂದದೇನವಾ?" ಎಂದು ತಮ್ಮದೇ ಬಲಪಕ್ಕೆಯ ಕೆಳಗೆ ಕೈಯಿಟ್ಟು ತೋರಿಸಿದರು.

"ಇಲ್ರಿ."

"ಎಣ್ಣಿದು, ತುಪ್ಪದ್ದು ಉಂಡ ಮ್ಯಾಲೆ? ಬೆನ್ನಿಗೆ, ಬಲಗಡೆ ಭುಜಕ್ಕ ಹೊಡದಂಗ ಆಗೋದು? ವಾಂತಿ?"

"ಒಂದೂ ಇಲ್ರಿ."

"ಮತ್ತ ಯಾಕ ಅಳೂ ಮಾರಿ ಮಾಡೀದಿ? ನಿನ್ನ ಕಲ್ಲು ಸುಮ್ಮನ ಕೂತದ. ಸುಮ್ಮನ ಕೂತದ್ದನ್ನ ಸುಮ್ಮನ ಬಿಡಬೇಕು. ಬಹಳ ಮಂದಿಗೆ ಇರತದ, ಅವರಿಗೆ ಗೊತ್ತೂ ಇರಂಗಿಲ್ಲ, ಕಡೀತನಕ ಏನೂ ಆಗಂಗಿಲ್ಲ. ಮುಂದ ಎಂದರ ನಾ ಹೇಳಿದಂಥಾ ನೋವು ಬಂತಂದ್ರ ಸರ್ಜನ್ನರ ಕಡೆ ಹೋಗು. ನೋವಿನ ಜೋಡಿ ಚಳಿಜ್ವರ ಬಂದ್ರ, ಕಣ್ಣು ಹಳದಿ ಆದ್ರ, ಅವತ್ತ ಅಂದ್ರ ಅವತ್ತ ದೊಡ್ಡ ದವಾಖಾನಿಗೆ ಹೋಗಬೇಕು, ನಾಳೆ ಅನ್ನಬಾರದು. ಅಷ್ಟ."

"ಬಾಳೆದಿಂಡಿನ ರಸಾ ಕುಡ್ಯಾಕತ್ತೇನ್ರಿ."

"ಅದು ಮಂದಿ ಮೂತ್ರಪಿಂಡದ ಕಲ್ಲಿಗೆ ಕುಡ್ಯೋದು. ಇದು ಬ್ಯಾರೆ ಓಣಿ, ಬ್ಯಾರೆ ಕಲ್ಲು. ಇದು ಕುಡದು ಕರಗೋದಲ್ಲ."

ಡಾಕ್ಟರು ಲಕ್ಷಣ ಹೇಳುತ್ತಿದ್ದಾಗ ನಾನು ಪಕ್ಕಕ್ಕೆ ನೋಡುತ್ತಿದ್ದೆ. ಬಲಪಕ್ಕೆ, ಎಣ್ಣೆ ತಿಂದ ಮೇಲೆ, ಬಲಭುಜ. ಯಜಮಾನರು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತು ಎಂದು ಹುಡುಕುತ್ತಿದ್ದರು.

"ಡಾಕ್ಟರ್ರ, ಈ ನೋವು ಇವರಿಗೆ ಬರತದ್ರಿ" ಎಂದೆ. "ನೀವು ಹೇಳಿದ್ದು ಒಂದೂ ಬಿಡದಂಗ."

"ಗ್ಯಾಸ್ ರೀ ಅದು" ಎಂದರು ಇವರು.

ಅವರದೂ ಸ್ಕ್ಯಾನಿಂಗ್ ಆಗಿದೆ, ಸಣ್ಣ ಕಲ್ಲುಗಳಿವೆ, ಗೋಡೆ ದಪ್ಪವಿದೆ ಎಂದು ನಾನೇ ಎಲ್ಲ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. "ನೋಡ್ರಿ ಸಾಹುಕಾರ್ರ, ಕಲ್ಲು ಎಷ್ಟ್ ದೊಡ್ಡದು ಅನ್ನೋದಕ್ಕಿಂತ ಅದು ತ್ರಾಸ ಕೊಡತದೋ ಇಲ್ಲೋ ಅನ್ನೋದು ಮುಖ್ಯ. ನಿಮ್ಮದು ಕೊಡ್ಲಿಕತ್ತದ. ಗೋಡಿ ದಪ್ಪ ಆಗೇದ ಅಂದ್ರ ಒಳಗ ಭಾಳ ದಿನದಿಂದ ಜಗಳ ನಡದದ. ಇದೇ ವಾರ ಸರ್ಜನ್ನರಿಗೆ ತೋರಸ್ರಿ."

"ತೋರಿಸ್ತೇನ್ರಿ" ಎಂದರು ಇವರು. ನನಗೆ ಗೊತ್ತಿದ್ದ ದನಿ ಅದು. ಬಾಕಿ ಕೇಳಲು ಬಂದವರಿಗೆ ನಾಳೆ ಬರ್ರಿ ಎನ್ನುವ ದನಿ.

ಆ ವಾರ ಹೊಸ ಕಡಲೆ ಬಂತು, ಅಂಗಡಿ ಬಿಡುವ ಹಾಗಿಲ್ಲ. ಮುಂದಿನ ವಾರ ಅಮಾವಾಸ್ಯೆ, ಆಸ್ಪತ್ರೆಗೆ ಹೋಗುವ ಹಾಗಿಲ್ಲ. ಅದರ ಮುಂದಿನ ವಾರ ನೋವೇ ಬರಲಿಲ್ಲ, ಹಾಗಾಗಿ ಹೋಗುವ ಕಾರಣವೇ ಇಲ್ಲ. ನಾನು ದಿನಾ ಹೇಳಿದೆ, ಜಗಳವಾಡಿದೆ, ಮಾತು ಬಿಟ್ಟೆ. ಮಾತು ಬಿಟ್ಟದ್ದು ಅವರಿಗೆ ಗೊತ್ತಾದದ್ದು ಮೂರನೇ ದಿನ. ಮನೆಯಲ್ಲಿ ಎಣ್ಣೆ ಬಂದ್ ಮಾಡಿದೆ. ಅದಕ್ಕೂ ಮನೆಯವರೆಲ್ಲ ಕೊಟ್ಟ ಅರ್ಥ, ಪಾಪ, ಇವಳಿಗೆ ದೊಡ್ಡ ಕಲ್ಲಲ್ಲವೇ, ಪಥ್ಯ ಇರಬೇಕು ಎಂದು.

ಆಗ ಬಂತು ಅಕ್ಕನ ತಮ್ಮನ ಮನೆಯ ಗೃಹಪ್ರವೇಶ. ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ, ಎಣ್ಣೆಗಾಯಿ ಬದನೆಕಾಯಿ, ಭಜಿ. ನಾನು ಎದುರಿನ ಸಾಲಿನಿಂದ ಕಣ್ಣಲ್ಲೇ ಗದರಿದೆ. ಇವರು ತುಪ್ಪದ ಚಮಚ ಹಿಡಿದವರ ಕಡೆ ಮುಖ ತಿರುಗಿಸಿಕೊಂಡರು. ಊಟವಾಗಿ ತಾಂಬೂಲ ಹಾಕಿಕೊಳ್ಳುವ ಹೊತ್ತಿಗೆ ನೋವು ಬಂತು. ಈ ಸಲ ಅದು ಸೋಡಾದ ಮಾತು ಕೇಳಲಿಲ್ಲ. ಹೊಸ ಮನೆಯ ಹೊಸ ಮಂಚದ ಮೇಲೆ ಮೊದಲು ಮಲಗಿದ ಅತಿಥಿ ನನ್ನ ಯಜಮಾನರು, ಮೊಣಕಾಲು ಹೊಟ್ಟೆಗೆ ಮಡಚಿಕೊಂಡು. ಸಂಜೆ ತುಸು ಇಳಿದಾಗ ದವಾಖಾನೆಗೆ ಹೋಗೋಣ ಎಂದೆ. "ಇಳೀತಲ್ಲಾ, ಇನ್ನ ಯಾಕ?" ಎಂದರು.

ಮರುದಿನ ಊಟ ಬೇಡವೆಂದರು. ಅದರ ಮರುದಿನ ಮೈ ತುರಿಸುತ್ತದೆ ಎಂದರು, ಮೂತ್ರ ಚಹಾದ ಡಿಕಾಕ್ಷನ್ನಿನ ಬಣ್ಣಕ್ಕೆ ಬಂದಿದೆ ಎಂದು ಮೆಲ್ಲಗೆ ಹೇಳಿದರು. ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ನಿಲ್ಲಿಸಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಅರಿಶಿನ ಕಲಸಿದ ಹಾಗಿತ್ತು. ಅಲ್ಲಿಯವರೆಗೆ ನನಗಿದ್ದದ್ದು ಸಿಟ್ಟು. ಆ ಹಳದಿ ಕಂಡ ಕೂಡಲೇ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ.

ಅಕ್ಕ ಮೆಟ್ಟಿಲಿಳಿದು ಬಂದು ನೋಡಿ, "ಕಾಮಣಿ ಆಗೇತಿ" ಎಂದು ಕಾಮಾಲೆಯ ತೀರ್ಪು ಕೊಟ್ಟರು. "ದವಾಖಾನ್ಯಾಗ ಇದಕ್ಕ ಔಷಧ ಇಲ್ಲ. ನನಗ ಒಬ್ಬರು ಗೊತ್ತದಾರ, ಬೇರು ಅರದು ಹಾಲಾಗ ಕೊಡತಾರ. ಮೂರು ವಾರ ಪಥ್ಯ. ಇವತ್ತ ಹೋಗಿ ಬರೂಣು."

ಯಜಮಾನರ ಮುಖ ಅರಳಿತು. ಚಾಕು ಇಲ್ಲ, ಸೂಜಿ ಇಲ್ಲ, ಹಾಲು ಮಾತ್ರ. "ಅತ್ತಿಗಿ ಹೇಳೂದು ಖರೇ ಅನಸ್ತೈತಿ" ಎಂದು ಚಪ್ಪಲಿ ಹಾಕಿಕೊಳ್ಳಲು ಹೊರಟವರು ಹಾಗೇ ಕುಸಿದು ಕೂತರು. ಹಲ್ಲು ಕಟಕಟ ಎನ್ನುತ್ತಿದ್ದವು. ಕೈ ಮುಟ್ಟಿದರೆ ಸುಡುವ ಜ್ವರ, ಮೇಲೆ ಚಳಿ.

ಹಳೆಯ ಡಾಕ್ಟರ ಮಾತು ನನಗೆ ಆಗ ಪಾಠದ ಹಾಗೆ ನೆನಪಿಗೆ ಬಂತು. ನೋವು, ಹಳದಿ, ಚಳಿಜ್ವರ. "ಅಕ್ಕಾ, ನೀವು ಬೇರು ಅರಸಿ ಇಡ್ರಿ, ನಾವು ಬರತೇವಿ" ಎಂದು ಹೇಳಿ, ಎರಡೂ ರಿಪೋರ್ಟು ಚೀಲಕ್ಕೆ ತುರುಕಿ, ಆಟೋ ಕರೆದೆ. ಯಜಮಾನರು ಬರುವುದಿಲ್ಲ ಎನ್ನಲೂ ಶಕ್ತಿಯಿಲ್ಲದ ಸ್ಥಿತಿಯಲ್ಲಿದ್ದರು. ಮದುವೆಯಾದ ಮೇಲೆ ನನ್ನ ಮಾತು ಒಂದೇ ಸಲಕ್ಕೆ ನಡೆದ ದಿನ ಅದು.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದ ಸರ್ಜನ್ ಹೆಂಗಸು, ನನ್ನ ವಿದ್ಯಾರ್ಥಿನಿಯರಿಗಿಂತ ಸ್ವಲ್ಪ ದೊಡ್ಡವರಿರಬಹುದು. ಇವರನ್ನು ಮಂಚದ ಮೇಲೆ ಮಲಗಿಸಿ, ಪಕ್ಕೆಯ ಕೆಳಗೆ ಒತ್ತಿ, ಉಸಿರು ಎಳೆಯಿರಿ ಎಂದರು. ಎಳೆಯಲು ಹೋದ ಉಸಿರು ಅರ್ಧಕ್ಕೆ ನಿಂತಿತು. ನಾನು ರಿಪೋರ್ಟು ಕೊಟ್ಟೆ. ಅಂಥ ಸ್ಥಿತಿಯಲ್ಲೂ ಯಜಮಾನರು ತಲೆಯೆತ್ತಿ ಹೇಳಿದ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

"ಮೇಡಂ, ಅಕಿದು ದೊಡ್ಡ ಕಲ್ಲೈತ್ರಿ. ಮೊದಲ ಅಕೀನ್ನ ನೋಡ್ರಿ. ನಂದು ಬರೇ ರವಾ."

ಸರ್ಜನ್ ನಗಲಿಲ್ಲ. "ರವಾ ಇದ್ದದ್ದಕ್ಕ ಹೊರಗ ಬಿದ್ದೈತ್ರಿ" ಎಂದರು. "ಅವರ ಕಲ್ಲು ದೊಡ್ಡದು, ಚೀಲದ ಬಾಯಿಂದ ಆಚೆ ದಾಟೋದು ಕಷ್ಟ. ನಿಮ್ಮವು ಸಣ್ಣವು, ಜಾರಿ ಪಿತ್ತನಾಳಕ್ಕ ಬಂದು ಅಲ್ಲೆ ಸಿಕ್ಕೊಂಡಾವ. ಪಿತ್ತ ಮುಂದ ಹೋಗದ ರಕ್ತಕ್ಕ ತಿರಗೇತಿ, ಅದಕ್ಕ ಕಣ್ಣು ಹಳದಿ. ನಿಂತ ಪಿತ್ತದಾಗ ಸೋಂಕು ಆಗೇತಿ, ಅದಕ್ಕ ಚಳಿ. ಇವತ್ತ ಅಡ್ಮಿಟ್ ಆಗಬೇಕು."

"ರಿಪೋರ್ಟಿನ್ಯಾಗ ನಾಳ ಸರಿ ಐತಿ ಅಂತ ಬರದಾರಲ್ರಿ?" ಎಂದೆ ನಾನು. ಕೊನೆಯ ಆಸೆ ಅದು.

"ಅದು ಅವತ್ತಿನ ಫೋಟೋ, ಅಮ್ಮಾರ. ಇವತ್ತಿಂದು ಇವತ್ತ ತಗೀಬೇಕು."

ಹೊಸ ಸ್ಕ್ಯಾನಿಂಗಿನಲ್ಲಿ ಪಿತ್ತನಾಳ ಉಬ್ಬಿತ್ತು. ಸೋಂಕಿನ ಔಷಧ ರಕ್ತಕ್ಕೆ ಹತ್ತಿಸಿದರು. ಮರುದಿನ ಬೆಳಿಗ್ಗೆ ಹೊಟ್ಟೆಯ ತಜ್ಞರೊಬ್ಬರು ಬಾಯಿಯಿಂದ ನಳಿಗೆ ಇಳಿಸಿ, ನಾಳದ ಬಾಯಿ ಬಿಡಿಸಿ, ಸಿಕ್ಕಿಕೊಂಡ ಕಲ್ಲುಗಳನ್ನು ಎಳೆದು ತೆಗೆಯುತ್ತಾರೆ ಎಂದು ಸರ್ಜನ್ ತಿಳಿಸಿದರು. ಒಳಗೆ ಕರೆದೊಯ್ಯುವಾಗ ಇವರು ನನ್ನ ಕೈ ಹಿಡಿದರು. ಗ್ಯಾಸು ಎನ್ನಲಿಲ್ಲ. "ನೀ ಏನರ ತಿಂದಿಯೇನು?" ಎಂದು ಕೇಳಿದರು. ಇಷ್ಟು ದಿನದಿಂದ ಕೂಡಿಟ್ಟ ಚುಚ್ಚುಮಾತುಗಳೆಲ್ಲ ನನ್ನ ಬಾಯಲ್ಲೇ ಕರಗಿದವು. ತಿಂದೆ ಎಂದು ಸುಳ್ಳು ಹೇಳಿದೆ. ಬಾಗಿಲು ಮುಚ್ಚಿಕೊಂಡಿತು. ಹೊರಗಿನ ಕುರ್ಚಿಯಲ್ಲಿ ಕೂತು, ಇನ್ನು ಮುಂದೆ ಇವರು ಏನು ಹೇಳಿದರೂ ಎದುರಾಡುವುದಿಲ್ಲ ಎಂದು ಎಲ್ಲ ದೇವರಿಗೂ ಮಾತು ಕೊಟ್ಟೆ. ದೇವರು ಅದನ್ನು ಗಂಭೀರವಾಗಿ ತೆಗೆದುಕೊಂಡಿರಲಾರ.

ಕಲ್ಲುಗಳು ಹೊರಬಂದವು. ಎರಡು ದಿನದಲ್ಲಿ ಜ್ವರ ಇಳಿಯಿತು, ಕಣ್ಣಿನ ಹಳದಿ ನಿಧಾನಕ್ಕೆ ತಿಳಿಯಾಯಿತು. ಮನೆಗೆ ಕಳಿಸುವ ಮೊದಲೇ ಪಿತ್ತಕೋಶವನ್ನೂ ತೆಗೆದುಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಉಳಿದವು ಮತ್ತೆ ಜಾರುತ್ತವೆ ಎಂದು ಸರ್ಜನ್ ಹೇಳಿದಾಗ ಇವರು ತಕರಾರಿಲ್ಲದೆ ಸಹಿ ಮಾಡಿದರು. ಹೊಟ್ಟೆಯ ಮೇಲೆ ನಾಲ್ಕು ಸಣ್ಣ ತೂತು, ಅಷ್ಟರಲ್ಲೇ ಮುಗಿಯಿತು. ಒಳಗಿದ್ದ ಕಲ್ಲುಗಳನ್ನು ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ತೋರಿಸಿದರು. ಯಜಮಾನರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ರವಾ ಅಲ್ಲ, ಇದು ಸಾಸಿವಿ" ಎಂದು ತಮ್ಮ ತಪ್ಪನ್ನು ಒಪ್ಪಿಕೊಂಡರು. ಅವರು ಒಪ್ಪಿಕೊಂಡ ತಪ್ಪು ಅದೊಂದೇ.

ನನ್ನ ಬಗ್ಗೆಯೂ ಸರ್ಜನ್ನರನ್ನು ಕೇಳಿದೆ. ಅವರು ನನ್ನ ಹೊಟ್ಟೆ ಮುಟ್ಟಿ ನೋಡಿ, ಹಳೆಯ ಡಾಕ್ಟರು ಹೇಳಿದ್ದನ್ನೇ ಹೇಳಿದರು. ನೋವಿಲ್ಲ, ಗೋಡೆ ಸರಿ ಇದೆ, ನಾಳ ಸರಿ ಇದೆ, ಈಗ ಏನೂ ಮಾಡಬೇಕಾಗಿಲ್ಲ, ನೋವು ಬಂದರೆ ತಡಮಾಡದೆ ಬನ್ನಿ. ಮನೆಯಲ್ಲಿ ಇದನ್ನು ಯಾರೂ ನಂಬಲಿಲ್ಲ. ಅಷ್ಟು ದೊಡ್ಡ ಕಲ್ಲನ್ನು ಒಳಗೇ ಬಿಟ್ಟು ಕಳಿಸಿದರೇ ಎಂದು ಅಕ್ಕನಿಗೆ ಆ ಆಸ್ಪತ್ರೆಯ ಬಗ್ಗೆಯೇ ಅನುಮಾನ.

ಆದರೆ ಅಕ್ಕನಿಗೆ ಇನ್ನೊಂದು ದೊಡ್ಡ ನಿರೀಕ್ಷೆ ಇತ್ತು. ಮೈದುನ ಮನೆಗೆ ಬಂದ ದಿನ ಮೆತ್ತನೆಯ ಅನ್ನ, ತೊವ್ವೆ ಮಾಡಿ ತಂದು, ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು.

"ಪಿತ್ತದ ಚೀಲಾನ ತಗದಾರಂದ್ರ, ಇನ್ನ ಇವನ ಸಿಟ್ಟು ಕಡಿಮಿ ಆಗತೈತೇನು? ಪಿತ್ತ ನೆತ್ತಿಗೇರಾಕ ಇನ್ನ ಎಲ್ಲಿಂದ ಬರಬೇಕು?"

"ಇಲ್ಲಕ್ಕಾ" ಎಂದೆ. "ಪಿತ್ತ ಆಗೋದು ಲಿವರಿನ್ಯಾಗ. ಆ ಚೀಲ ಬರೇ ಕೂಡಿಡತಿತ್ತು. ಇನ್ನ ಮ್ಯಾಲೆ ಕೂಡಿಡದ, ಆದಂಗ ಆದಂಗ ಸೀದಾ ಬರತದಂತ."

ಅಕ್ಕ ಇದನ್ನು ಅರ್ಥಮಾಡಿಕೊಳ್ಳುವಷ್ಟರಲ್ಲಿ ಪಡಸಾಲೆಯಿಂದ ತಾಟು ನೂಕಿದ ಸದ್ದು ಬಂತು, ಅದರ ಹಿಂದೆಯೇ ಯಜಮಾನರ ದನಿ. "ಇದಕ್ಕ ಉಪ್ಪು ಹಾಕೀರೋ, ಇಲ್ಲೋ? ದವಾಖಾನ್ಯಾಗಿಂದು ಇದಕಿಂತ ಛಲೋ ಇತ್ತು!"

ನಾನು ಉಪ್ಪಿನ ಡಬ್ಬಿ ತೆಗೆದುಕೊಂಡು ಹೋದೆ. ಆ ದನಿ ಕೇಳಿ ನನಗಾದ ಸಮಾಧಾನವನ್ನು ಅವರಿಗೆ ತಿಳಿಸುವ ಪ್ರಶ್ನೆಯೇ ಇರಲಿಲ್ಲ.